ಮನೆತನದ ಗಳಗಂಡ: ಜೀನ್ ಪರೀಕ್ಷೆಗೆ ಓಡುವ ಮೊದಲು ಮಾಡಬೇಕಾದ ಕೆಲಸ

“ನಮ್ಮ ಮನೇಲಿ ಎಲ್ರಿಗೂ ಥೈರಾಯ್ಡ್ ಇದೆ.” ಬೆಂಗಳೂರಿನ ಯಾವ ಆಸ್ಪತ್ರೆಯ ಹಾರ್ಮೋನ್ ವಿಭಾಗದಲ್ಲಿ ಕೂತರೂ ಕಿವಿಗೆ ಬೀಳುವ ಮಾತು. ಥೈರಾಯ್ಡ್ ಎಲ್ಲರಿಗೂ ಇರುತ್ತದೆ, ಅದು ಗ್ರಂಥಿಯ ಹೆಸರು. ಆ ಮಾತಿನ ಹಿಂದೆ ಅಮ್ಮನ ಹಾರ್ಮೋನ್ ಕೊರತೆ ಇದೆಯೋ, ದೊಡ್ಡಮ್ಮನ ಕುತ್ತಿಗೆಯ ಗಂಟು ಇದೆಯೋ, ತಾತನ ಕ್ಯಾನ್ಸರ್ ಇದೆಯೋ ಎಂಬುದು ಬಿಡಿಸಿ ನೋಡುವವರೆಗೆ ತಿಳಿಯದು. ಇವು ಒಂದೇ ರೋಗವಲ್ಲ. ತಲೆಮಾರಿನಿಂದ ತಲೆಮಾರಿಗೆ ಇಳಿಯುವ ದಾರಿಯೂ ಒಂದೇ ಅಲ್ಲ. ಹೆಚ್ಚಿನ ಮನೆಗಳಿಗೆ ಜೀನ್ ಪರೀಕ್ಷೆ ಬೇಕಾಗುವುದೇ ಇಲ್ಲ. ಬೇಕಾದ ಕೆಲವೇ ಮನೆಗಳಲ್ಲಿ ಅದನ್ನು ತಪ್ಪಿಸಿಕೊಂಡರೆ ಜೀವಕ್ಕೇ ಕುತ್ತು. ನಿಮ್ಮದು ಯಾವ ಮನೆ ಎಂದು ತೋರಿಸಿಕೊಡುವುದು ಒಂದು ಹಾಳೆ ಮತ್ತು ಪೆನ್ಸಿಲ್.

ಮೂರು ತಲೆಮಾರಿನ ನಕ್ಷೆ

ಎ4 ಹಾಳೆಯನ್ನು ಅಡ್ಡಲಾಗಿ ಇಡಿ. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ. ಅಜ್ಜ ಅಜ್ಜಿಯರು ಮೇಲಿನ ಸಾಲು, ಅಪ್ಪ ಅಮ್ಮ ಮತ್ತು ಅವರ ಒಡಹುಟ್ಟಿದವರು ನಡುವಿನ ಸಾಲು, ನೀವು, ನಿಮ್ಮ ಒಡಹುಟ್ಟಿದವರು, ಅಪ್ಪ ಅಮ್ಮನ ಒಡಹುಟ್ಟಿದವರ ಮಕ್ಕಳು ಕೆಳಗಿನ ಸಾಲು. ಮಕ್ಕಳಿದ್ದರೆ ಇನ್ನೊಂದು ಸಾಲು. ತೊಂದರೆ ಇರುವವರ ಗುರುತನ್ನು ಕಪ್ಪು ಮಾಡಿ, ತೀರಿಕೊಂಡವರಿಗೆ ಓರೆ ಗೆರೆ ಎಳೆಯಿರಿ, ಯಾರಿಗಾಗಿ ನಕ್ಷೆ ಬರೆಯುತ್ತಿದ್ದೀರೋ ಅವರತ್ತ ಒಂದು ಬಾಣ. ಸಂಬಂಧದೊಳಗೆ ಮದುವೆಯಾಗಿದ್ದರೆ ಗಂಡ ಹೆಂಡತಿಯ ನಡುವೆ ಒಂದರ ಬದಲು ಎರಡು ಗೆರೆ. ಅಕ್ಕನ ಮಗಳನ್ನು ತಂದುಕೊಂಡವರು, ಸೋದರತ್ತೆಯ ಮಗನಿಗೆ ಕೊಟ್ಟವರು ನಮ್ಮಲ್ಲಿ ಅಪರೂಪವೇನಲ್ಲ. ಈ ಎರಡು ಗೆರೆ ಎಷ್ಟು ಮುಖ್ಯ ಎಂಬುದು ಮುಂದೆ ಬರುತ್ತದೆ.

ಬಂಧುಗಳಿಗೆ ಫೋನು ಮಾಡಿ “ನಿಮಗೆ ಥೈರಾಯ್ಡ್ ಇದೆಯಾ” ಎಂದು ಕೇಳಿದರೆ “ಹೂಂ, ಇದೆ” ಎಂಬ ಉತ್ತರ ಬರುತ್ತದೆ, ಅದರಿಂದ ಏನೂ ಉಪಯೋಗವಿಲ್ಲ. ಹೀಗೆ ಕೇಳಿ: “ಚಿಕ್ಕಮ್ಮ, ಬೆಳಿಗ್ಗೆ ಖಾಲಿ ಹೊಟ್ಟೇಲಿ ತಗೊಳ್ತೀರಲ್ಲ, ಆ ಮಾತ್ರೆ ಡಬ್ಬಿ ಮೇಲೆ ಏನಂತ ಬರೆದಿದೆ, ಓದಿ ನೋಡೋಣ.” ಡಬ್ಬಿಯಲ್ಲಿ ಲೀವೋಥೈರಾಕ್ಸಿನ್ 25, 50, 100 ಮೈಕ್ರೋಗ್ರಾಂ ಎಂದಿದ್ದರೆ ಹಾರ್ಮೋನ್ ಕೊರತೆ, ಇಲ್ಲವೇ ಗ್ರಂಥಿ ತೆಗೆದ ಮೇಲಿನ ಮಾತ್ರೆ. ಕಾರ್ಬಿಮಜೋಲ್ ಎಂದಿದ್ದರೆ ಹಾರ್ಮೋನ್ ಹೆಚ್ಚಾಗಿದೆ. ಲೀವೋಥೈರಾಕ್ಸಿನ್ ಜೊತೆಗೆ ದಿನವೂ ಕ್ಯಾಲ್ಸಿಯಂ, ವಿಟಮಿನ್ ಡಿ ಮಾತ್ರೆಯೂ ಇದ್ದು, ಕಾಲರ್ ಮೂಳೆಗಿಂತ ಮೇಲೆ ಅಡ್ಡಲಾಗಿ ಒಂದು ಗಾಯದ ಗೆರೆಯಿದ್ದರೆ ಇಡೀ ಗ್ರಂಥಿಯನ್ನು ತೆಗೆದಿರಬಹುದು. ಆಗ ಬಯಾಪ್ಸಿ ವರದಿ ಹುಡುಕಲೇಬೇಕು. ಡಿಸ್ಚಾರ್ಜ್ ಸಮರಿ ಸಾಲದು. ಅದರಲ್ಲಿ ಬರೀ “ಥೈರಾಯ್ಡ್ ಕ್ಯಾನ್ಸರ್” ಎಂದಿರುತ್ತದೆ. ನಮಗೆ ಬೇಕಾದದ್ದು ಕ್ಯಾನ್ಸರಿನ ಬಗೆ, ಅಂದರೆ ಪ್ಯಾಪಿಲ್ಲರಿಯೋ, ಫಾಲಿಕ್ಯುಲರೋ, ಮೆಡುಲ್ಲರಿಯೋ ಎಂಬ ಒಂದೇ ಒಂದು ಪದ. ಹಳೇ ವರದಿ ಕಳೆದಿದ್ದರೆ ಆಪರೇಷನ್ ಆದ ಆಸ್ಪತ್ರೆಯ ರೋಗಶಾಸ್ತ್ರ ವಿಭಾಗದಲ್ಲಿ ಹೆಸರು, ಇಸವಿ ಹೇಳಿ ವಿಚಾರಿಸಿ. ಮೇಣದಚ್ಚಿನಲ್ಲಿ ಇಟ್ಟ ತುಣುಕನ್ನು ಹಲವು ವರ್ಷ ಕಾಪಾಡಿರುತ್ತಾರೆ.

ತೀರಿಕೊಂಡ ಅಜ್ಜಿಯರ ವಿಷಯಕ್ಕೆ ಮದುವೆ ಫೋಟೊ ನೋಡಿ. ಕತ್ತಿನ ಅಡ್ಡಿಕೆಯ ಮೇಲೆ ಉಬ್ಬು ಕಾಣುತ್ತಿದ್ದರೆ ಅದು ಗಳಗಂಡ, ಅಂದರೆ ಊದಿಕೊಂಡ ಥೈರಾಯ್ಡ್ ಗ್ರಂಥಿ, ಇರಬಹುದು. ಸೆರಗು ಹೊದ್ದು ಮುಚ್ಚಿಕೊಂಡವರೂ ಇದ್ದರು ಎಂಬುದು ನೆನಪಿರಲಿ.

ಪ್ರತಿಯೊಬ್ಬರ ಗುರುತಿನ ಕೆಳಗೆ ನಾಲ್ಕು ವಿವರ ಬೇಕು: ಯಾವ ವಯಸ್ಸಿನಲ್ಲಿ ಶುರುವಾಯಿತು, ಯಾವ ಮಾತ್ರೆ, ಆಪರೇಷನ್ ಅಥವಾ ಸೂಜಿ ಪರೀಕ್ಷೆಯ (ಗಂಟಿನಿಂದ ಸೂಜಿಯಲ್ಲಿ ಜೀವಕೋಶ ತೆಗೆದು ನೋಡುವುದು) ಫಲ, ಮತ್ತು ಚಿಕ್ಕಂದಿನಲ್ಲಿ ಬೆಳೆದ ಊರು. ಕುತ್ತಿಗೆಗೆ ಸಂಬಂಧವೇ ಇಲ್ಲದಂತೆ ಕಾಣುವ ಕೆಲವನ್ನೂ ಬದಿಯಲ್ಲಿ ಬರೆಯಿರಿ: ಹುಟ್ಟು ಕಿವುಡು, ಎಳೆಯ ವಯಸ್ಸಿನಲ್ಲೇ ಏರಿದ ಬಿಪಿ, ಆಪರೇಷನ್ ಟೇಬಲ್ ಮೇಲೆ ಅಥವಾ ಹೆರಿಗೆಯಲ್ಲಿ ಆದ ಹಠಾತ್ ಸಾವು, ಮತ್ತೆ ಮತ್ತೆ ಬರುವ ಮೂತ್ರಪಿಂಡದ ಕಲ್ಲು, ಸ್ತನ, ಗರ್ಭಕೋಶ, ಅಂಡಾಶಯ ಅಥವಾ ದೊಡ್ಡ ಕರುಳಿನ ಗೆಡ್ಡೆ.

ಊರು ಏಕೆ, ಉಪ್ಪು ಏಕೆ

ಒಂದು ಮನೆಯವರು ಹಂಚಿಕೊಳ್ಳುವುದು ಜೀನು ಮಾತ್ರವಲ್ಲ, ಉಪ್ಪಿನ ಡಬ್ಬಿಯನ್ನೂ. ಚಿಕ್ಕಮಗಳೂರು, ಕೊಡಗಿನಂಥ ಮಲೆನಾಡಿನ ಜಿಲ್ಲೆಗಳಲ್ಲಿ ಮಳೆ ಮಣ್ಣಿನ ಅಯೋಡಿನನ್ನು ತೊಳೆದೊಯ್ಯುತ್ತದೆ. ಅಲ್ಲಿ ಹುಟ್ಟಿ ಬೆಳೆದ ಹಿಂದಿನ ತಲೆಮಾರಿನಲ್ಲಿ ಮೂವರು ಅಕ್ಕತಂಗಿಯರಿಗೂ ಗಳಗಂಡ ಇದ್ದರೆ ಅದು ವಂಶದ್ದು ಎನ್ನುವ ಮೊದಲು ಉಪ್ಪನ್ನು ಅನುಮಾನಿಸಬೇಕು. ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರುವಾದದ್ದು 1962ರಲ್ಲಿ. ಈಗ ಉಪ್ಪಿನಲ್ಲಿ ತಯಾರಿಕೆಯ ಹಂತದಲ್ಲಿ 30 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 30 ಭಾಗ), ಮನೆಗೆ ಬರುವ ಹೊತ್ತಿಗೆ ಕನಿಷ್ಠ 15 ಪಿಪಿಎಂ ಅಯೋಡಿನ್ ಇರಬೇಕು. 15 ಪಿಪಿಎಂ ಉಪ್ಪಿನ 10 ಗ್ರಾಂನಲ್ಲಿ ಸಿಗುವುದು 150 ಮೈಕ್ರೋಗ್ರಾಂ, ದೊಡ್ಡವರ ಒಂದು ದಿನದ ಅಗತ್ಯ ಅಷ್ಟೇ. ಗರ್ಭಿಣಿಗೆ 250 ಬೇಕು.

ಇತ್ತೀಚೆಗೆ ಬೆಂಗಳೂರಿನ ಅಡುಗೆಮನೆಗಳಲ್ಲಿ ‘ಆರೋಗ್ಯಕ್ಕೆ ಒಳ್ಳೆಯದು’ ಎಂದು ಸೈಂಧವ ಲವಣ, ಕಲ್ಲುಪ್ಪು ಬಂದು ಕೂತಿವೆ. ಪೊಟ್ಟಣದ ಮೇಲೆ ಅಯೋಡಿನ್ ಸೇರಿಸಿದೆ ಎಂದು ಬರೆದಿಲ್ಲದಿದ್ದರೆ ಅವುಗಳಲ್ಲಿ ಸಾಕಷ್ಟು ಅಯೋಡಿನ್ ಇರುವುದಿಲ್ಲ. ಅಯೋಡಿನ್ ಉಪ್ಪನ್ನೂ ಒಲೆಯ ಪಕ್ಕದ ತೆರೆದ ಮರಿಗೆಯಲ್ಲಿ ಇಟ್ಟರೆ ಅಯೋಡಿನ್ ಹಾರಿಹೋಗುತ್ತದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ, ಸಾರಿಗೆ ಇಳಿಸುವ ಹೊತ್ತಿಗೆ ಹಾಕಿ.

ಆದರೆ ಒಂದೇ ಉಪ್ಪು ತಿಂದರೂ ಎಲ್ಲರ ಕುತ್ತಿಗೆಯೂ ಊದುವುದಿಲ್ಲ. ಡೆನ್ಮಾರ್ಕಿನ ಅವಳಿಗಳ ಅಧ್ಯಯನಗಳು ಹೆಂಗಸರ ಸಾಮಾನ್ಯ ಗಳಗಂಡದಲ್ಲಿ ಜೀನುಗಳ ಪಾಲು ದೊಡ್ಡದೆಂದು ತೋರಿಸಿವೆ. ಇಲ್ಲಿ ಜೀನು ಎಂದರೆ ಒಂದಲ್ಲ, ಸಣ್ಣ ಸಣ್ಣ ಪ್ರಭಾವದ ಹಲವು. ಆ ‘ಹಲವು’ ಬಗೆಗೆ ಪರೀಕ್ಷೆ ಮಾಡಿಸಿ ಉಪಯೋಗವಿಲ್ಲ, ಚಿಕಿತ್ಸೆಯಲ್ಲಿ ಏನೂ ಬದಲಾಗುವುದಿಲ್ಲ.

ಮೊದಲ ಪರೀಕ್ಷೆಗಳು, ಅವುಗಳಲ್ಲಿ ಆಗುವ ತಪ್ಪು

ಗಂಟು ಅಥವಾ ಊತ ಇದ್ದವರಿಗೆ ಮೊದಲು ರಕ್ತದ ಟಿಎಸ್‌ಎಚ್ (ಥೈರಾಯ್ಡಿಗೆ ಕೆಲಸ ಮಾಡು ಎಂದು ಮಿದುಳಿನ ಬುಡದ ಪಿಟ್ಯುಟರಿ ಕಳಿಸುವ ಹಾರ್ಮೋನ್), ಫ್ರೀ ಟಿ4 (ಥೈರಾಯ್ಡ್ ಮಾಡುವ ಹಾರ್ಮೋನ್), ಆಂಟಿ-ಟಿಪಿಒ ಪ್ರತಿಕಾಯ (ದೇಹವೇ ಗ್ರಂಥಿಯ ಮೇಲೆ ಮಾಡುವ ದಾಳಿಯ ಗುರುತು), ಮತ್ತು ಕುತ್ತಿಗೆಯ ಅಲ್ಟ್ರಾಸೌಂಡ್. ಎನ್‌ಎಬಿಎಲ್ ಮಾನ್ಯತೆ ಇರುವ ಲ್ಯಾಬ್ ಆಯ್ದುಕೊಳ್ಳಿ. ಕೂದಲಿಗೆಂದು ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ಕನಿಷ್ಠ ಎರಡು ದಿನ ಮೊದಲೇ ನಿಲ್ಲಿಸಿ. ಹಲವು ಯಂತ್ರಗಳಲ್ಲಿ ಅದು ಟಿಎಸ್‌ಎಚ್ ಅನ್ನು ಸುಳ್ಳೇ ಕಡಿಮೆ, ಟಿ4 ಅನ್ನು ಸುಳ್ಳೇ ಹೆಚ್ಚು ತೋರಿಸಿ, ಇಲ್ಲದ ರೋಗವನ್ನು ಹುಟ್ಟಿಸುತ್ತದೆ. ಲೀವೋಥೈರಾಕ್ಸಿನ್ ತೆಗೆದುಕೊಳ್ಳುವವರು ಆ ದಿನ ರಕ್ತ ಕೊಟ್ಟ ಮೇಲೆ ಮಾತ್ರೆ ನುಂಗಲಿ.

ಸ್ಕ್ಯಾನ್ ವರದಿಯಲ್ಲಿ “ಮಲ್ಟಿನೋಡ್ಯುಲರ್ ಗಾಯಿಟರ್” ಎಂದು ಎರಡು ಪದ ಬರೆದು ಕಳಿಸಿದ್ದರೆ ಅದು ಅರ್ಧ ವರದಿ. ಪ್ರತಿ ಹಾಲೆಯ (ಗ್ರಂಥಿಯ ಎಡ, ಬಲ ಭಾಗ) ಉದ್ದ, ಅಗಲ, ಆಳ, ದೊಡ್ಡ ಗಂಟುಗಳ ಮೂರು ಅಳತೆ, ಟೈರಾಡ್ಸ್ ದರ್ಜೆ (ಗಂಟು ಕ್ಯಾನ್ಸರ್ ಇರಬಹುದೆಂಬ ಅನುಮಾನ ಎಷ್ಟು ಎಂಬ ಅಳತೆ), ದುಗ್ಧಗ್ರಂಥಿಗಳ ಸ್ಥಿತಿ ಇರಬೇಕು. ಹಾಲೆಯ ಗಾತ್ರವನ್ನು ನೀವೇ ಲೆಕ್ಕ ಹಾಕಬಹುದು: 5 ಸೆಂ.ಮೀ. × 2 × 2, ಅದನ್ನು 0.52ರಿಂದ ಗುಣಿಸಿದರೆ 10.4 ಮಿ.ಲೀ. ಎರಡೂ ಹಾಲೆ ಸೇರಿ ಹೆಂಗಸರಲ್ಲಿ ಸುಮಾರು 18, ಗಂಡಸರಲ್ಲಿ 25 ಮಿ.ಲೀ. ದಾಟಿದರೆ ಗ್ರಂಥಿ ಊದಿದೆ ಎಂದು ಲೆಕ್ಕ. ಸೂಜಿ ಪರೀಕ್ಷೆ ಯಾವ ಗಂಟಿಗೆ ಎಂಬುದಕ್ಕೂ ಅಳತೆ ಇದೆ: 2017ರ ಅಮೆರಿಕನ್ ಟೈರಾಡ್ಸ್ ಪ್ರಕಾರ ದರ್ಜೆ 3ಕ್ಕೆ 2.5 ಸೆಂ.ಮೀ., ದರ್ಜೆ 4ಕ್ಕೆ 1.5, ದರ್ಜೆ 5ಕ್ಕೆ 1. ವಂಶದಲ್ಲಿ ಕ್ಯಾನ್ಸರ್ ಇದ್ದರೆ ವೈದ್ಯರು ಇದಕ್ಕಿಂತ ಚಿಕ್ಕ ಗಂಟಿಗೂ ಸೂಜಿ ಹಾಕಬಹುದು, ಆದ್ದರಿಂದ ನಕ್ಷೆಯನ್ನು ಸ್ಕ್ಯಾನ್‌ಗೆ ಮೊದಲೇ ತೋರಿಸಿ.

ಇಲ್ಲೊಂದು ದೊಡ್ಡ ಗೊಂದಲ. ಸೂಜಿ ಪರೀಕ್ಷೆಯ ತುಣುಕಿನಲ್ಲಿ “ಬಿರಾಫ್ ವಿ600ಇ ಮ್ಯುಟೇಶನ್ ಪಾಸಿಟಿವ್” ಎಂದು ಬಂದರೆ ಮಕ್ಕಳಿಗೂ ಇಳಿದಿದೆ ಎಂದು ಮನೆಯವರೆಲ್ಲ ಹೆದರುತ್ತಾರೆ. ಆ ರೂಪಾಂತರ ಹುಟ್ಟಿದ್ದು ಗಂಟಿನ ಜೀವಕೋಶಗಳಲ್ಲಿ, ಆಮೇಲೆ. ಅದು ಅಂಡಾಣು, ವೀರ್ಯಾಣುವಿನಲ್ಲಿ ಇಲ್ಲ, ಮಕ್ಕಳಿಗೆ ಹೋಗುವುದಿಲ್ಲ. ಹೆಚ್ಚಿನ ಗಂಟುಗಳು ಹೀಗೇ ಆ ಗ್ರಂಥಿಯೊಳಗೇ ಹುಟ್ಟುವಂಥವು. ಆನುವಂಶಿಕ ರೂಪಾಂತರ ನೋಡಬೇಕಾದರೆ ರಕ್ತ ಅಥವಾ ಜೊಲ್ಲು ಬೇಕು.

ನಕ್ಷೆಯನ್ನು ಓದುವುದು

ಕಪ್ಪು ಗುರುತುಗಳು ಹೆಚ್ಚಾಗಿ ಹೆಂಗಸರಲ್ಲಿ, ಮಾತ್ರೆ ಲೀವೋಥೈರಾಕ್ಸಿನ್ ಅಥವಾ ಕಾರ್ಬಿಮಜೋಲ್, ಪ್ರತಿಕಾಯ ಪಾಸಿಟಿವ್: ಇದು ಹಾಶಿಮೋಟೋ ಅಥವಾ ಗ್ರೇವ್ಸ್. ಎರಡರಲ್ಲೂ ದೇಹದ ರೋಗನಿರೋಧಕ ಶಕ್ತಿಯೇ ಗ್ರಂಥಿಯ ಮೇಲೆ ತಿರುಗಿಬೀಳುತ್ತದೆ, ಮೊದಲನೆಯದರಲ್ಲಿ ಹಾರ್ಮೋನ್ ಕಡಿಮೆ, ಎರಡನೆಯದರಲ್ಲಿ ಹೆಚ್ಚು. ಒಂದೇ ಮನೆಯಲ್ಲಿ ಎರಡೂ ಇರುತ್ತವೆ. ಎಚ್‌ಎಲ್‌ಎ, ಸಿಟಿಎಲ್‌ಎ4 ಮುಂತಾದ ರೋಗನಿರೋಧಕ ಜೀನುಗಳ ಬಗೆಗಳು ಒಲವು ಕೊಡುತ್ತವೆ, ಅಷ್ಟೇ. ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಗ್ರೇವ್ಸ್ ಬಂದರೆ ಇನ್ನೊಬ್ಬರಿಗೂ ಬರುವುದು ಸುಮಾರು ಮೂರರಲ್ಲಿ ಒಂದು ಜೋಡಿಯಲ್ಲಿ ಮಾತ್ರ. ಜೀನ್ ಪರೀಕ್ಷೆ ಬೇಡ. ಮಗಳು ಗರ್ಭ ಧರಿಸುವ ಮೊದಲು ಮತ್ತು ಗರ್ಭ ನಿಂತ ಕೂಡಲೇ ಟಿಎಸ್‌ಎಚ್ ಮಾಡಿಸಿ, ಅದು ಯಾವ ಜೀನ್ ಪರೀಕ್ಷೆಗಿಂತಲೂ ಹೆಚ್ಚು ಕೆಲಸಕ್ಕೆ ಬರುತ್ತದೆ.

ಎರಡು ಗೆರೆಯ ಮದುವೆ, ಅಪ್ಪ ಅಮ್ಮನಿಗೆ ಏನೂ ಇಲ್ಲ, ಆದರೆ ಒಡಹುಟ್ಟಿದ ಇಬ್ಬರಿಗೆ ಚಿಕ್ಕಂದಿನಲ್ಲೇ ಗಳಗಂಡ ಮತ್ತು ಏರಿದ ಟಿಎಸ್‌ಎಚ್: ಹಾರ್ಮೋನ್ ತಯಾರಿಕೆಯ ಹುಟ್ಟುದೋಷ ಎಂದು ಶಂಕಿಸಬೇಕು. ಗ್ರಂಥಿ ಅಯೋಡಿನನ್ನು ಒಳಗೆಳೆದು, ಥೈರೋಗ್ಲೋಬುಲಿನ್ ಎಂಬ ಪ್ರೋಟೀನಿಗೆ ಕಟ್ಟಿ, ಹಾರ್ಮೋನ್ ಮಾಡುತ್ತದೆ. ಈ ಸಾಲಿನಲ್ಲಿ ಯಾವ ಕೊಂಡಿ ಮುರಿದರೂ ಹಾರ್ಮೋನ್ ಕಡಿಮೆಯಾಗಿ, ಪಿಟ್ಯುಟರಿ ಟಿಎಸ್‌ಎಚ್ ಸುರಿದು, ಗ್ರಂಥಿ ಊದುತ್ತದೆ. ಟಿಪಿಒ, ಟಿಜಿ, ಡ್ಯುವಾಕ್ಸ್2, ಎಸ್‌ಎಲ್‌ಸಿ5ಎ5 ಈ ಕೊಂಡಿಗಳ ಜೀನುಗಳು. ಪ್ರತಿ ಜೀನಿಗೂ ಅಪ್ಪನಿಂದ ಒಂದು, ಅಮ್ಮನಿಂದ ಒಂದು ಪ್ರತಿ ಬರುತ್ತದೆ. ಇಲ್ಲಿ ಸಾಮಾನ್ಯವಾಗಿ ಎರಡೂ ಪ್ರತಿ ಕೆಟ್ಟರೆ ಮಾತ್ರ ರೋಗ. ಪ್ರತಿ ಬಸಿರಿಗೂ ಸಾಧ್ಯತೆ ನಾಲ್ಕರಲ್ಲಿ ಒಂದು. ಸೋದರಮಾವ–ಅಕ್ಕನ ಮಗಳ ಮದುವೆಯಲ್ಲಿ ಹುಟ್ಟಿದ ಮಗುವಿಗೆ ಯಾವುದೇ ಜೀನಿನ ಎರಡೂ ಪ್ರತಿ ಒಬ್ಬ ಹಿರಿಯರಿಂದಲೇ ಬಂದಿರುವ ಸಾಧ್ಯತೆ 8ರಲ್ಲಿ 1, ಅತ್ತೆ ಮಾವನ ಮಕ್ಕಳ ಮದುವೆಯಲ್ಲಿ 16ರಲ್ಲಿ 1. ರಕ್ತದ ಥೈರೋಗ್ಲೋಬುಲಿನ್ ಮಟ್ಟ ಒಳ್ಳೆಯ ಸುಳಿವು: ಟಿಜಿ ಜೀನೇ ಕೆಟ್ಟಿದ್ದರೆ ಅದು ತೀರಾ ಕಡಿಮೆ, ಉಳಿದವುಗಳಲ್ಲಿ ಸಾಮಾನ್ಯವಾಗಿ ಹೆಚ್ಚು. ಲೀವೋಥೈರಾಕ್ಸಿನ್ ಬೇಗ ಶುರುಮಾಡಿದರೆ ಸಾಮಾನ್ಯವಾಗಿ ಗಳಗಂಡ ಬೆಳೆಯುವುದಿಲ್ಲ. ತಡವಾದರೆ ಗಂಟು ಕಟ್ಟಿ, ಆಮೇಲೆ ಮಾತ್ರೆಗೆ ಕರಗುವುದಿಲ್ಲ. ಹುಟ್ಟಿದ ಮಗುವಿನ ಟಿಎಸ್‌ಎಚ್ ಅನ್ನು ಮೊದಲ ವಾರದೊಳಗೆ ನೋಡಿ ಎನ್ನುವುದು ಇದಕ್ಕೇ. ಇನ್ನೊಂದು ಅಪಾಯ: ಇಂಥ ಗ್ರಂಥಿಯ ಜೀವಕೋಶಗಳು ಸೂಕ್ಷ್ಮದರ್ಶಕದಲ್ಲಿ ವಿಕಾರವಾಗಿ ಕಂಡು ಕ್ಯಾನ್ಸರ್ ಎಂದು ತಪ್ಪು ವರದಿ ಬರಬಹುದು. ಸೂಜಿ ಪರೀಕ್ಷೆಯ ಚೀಟಿಯಲ್ಲಿ “ಹುಟ್ಟಿನಿಂದ ಹಾರ್ಮೋನ್ ಕೊರತೆ” ಎಂದು ಬರೆಸಿ.

ಇದೇ ಚಿತ್ರಕ್ಕೆ ಹುಟ್ಟು ಕಿವುಡು ಸೇರಿದರೆ ಪೆಂಡ್ರೆಡ್ ಸಿಂಡ್ರೋಮ್. ಇಂಗ್ಲೆಂಡಿನ ವೈದ್ಯ ವಾನ್ ಪೆಂಡ್ರೆಡ್ 1896ರಲ್ಲಿ ಗುರುತಿಸಿದ್ದು, ಜೀನ್ ಸಿಕ್ಕಿದ್ದು 1997ರಲ್ಲಿ, ಹೆಸರು ಎಸ್‌ಎಲ್‌ಸಿ26ಎ4. ಮೋಸ ಎಲ್ಲಿ ಎಂದರೆ ಕಿವುಡು ಮೊದಲು ಬರುತ್ತದೆ, ಕುತ್ತಿಗೆ ಊದುವುದು ಹತ್ತು ವರ್ಷದ ಆಸುಪಾಸಿನಲ್ಲಿ ಅಥವಾ ಆಮೇಲೆ, ಟಿಎಸ್‌ಎಚ್ ಸರಿಯಾಗಿಯೇ ಇರಬಹುದು. ಹಾಗಾಗಿ ಎರಡನ್ನೂ ಯಾರೂ ಜೋಡಿಸುವುದಿಲ್ಲ. ಒಳಕಿವಿಯ ಎಂಆರ್‌ಐ ಅಥವಾ ಸಿಟಿಯಲ್ಲಿ ಒಂದು ನಾಳ ಅಗಲವಾಗಿ ಕಾಣುತ್ತದೆ. ತಿಳಿದುಕೊಂಡರೆ ಲಾಭವಿದೆ: ತಲೆಗೆ ಪೆಟ್ಟು ಬಿದ್ದರೆ ಉಳಿದಿರುವ ಕೇಳುವ ಶಕ್ತಿಯೂ ಥಟ್ಟನೆ ಹೋಗಬಹುದಾದ್ದರಿಂದ ಮಗುವನ್ನು ಕಬಡ್ಡಿ, ಬಾಕ್ಸಿಂಗ್‌ನಿಂದ ದೂರ ಇಡಬಹುದು.

ಪ್ರತಿ ತಲೆಮಾರಿನಲ್ಲೂ ಒಬ್ಬಿಬ್ಬರಿಗೆ, ಗಂಡು ಹೆಣ್ಣೆನ್ನದೆ, ಟಿ4 ಹೆಚ್ಚು. ಆದರೂ ಟಿಎಸ್‌ಎಚ್ ಇಳಿದಿಲ್ಲ: ಟಿಎಚ್‌ಆರ್‌ಬಿ ಜೀನಿನ ದೋಷ, ದೇಹ ಹಾರ್ಮೋನಿಗೆ ಓಗೊಡುವುದಿಲ್ಲ. ಇದನ್ನು ಗ್ರೇವ್ಸ್ ಎಂದು ತಿಳಿದು ಗ್ರಂಥಿಯನ್ನು ಸುಟ್ಟರೆ ಅಥವಾ ತೆಗೆದರೆ ಜೀವಮಾನದ ತೊಂದರೆ. ಅಪ್ಪ ಅಮ್ಮನ ಟಿ4, ಟಿಎಸ್‌ಎಚ್ ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಇಪ್ಪತ್ತು ದಾಟುವ ಮೊದಲೇ ಹಲವು ಗಂಟು, ಮನೆಯಲ್ಲಿ ಇನ್ನೊಬ್ಬರಿಗೆ ಎಳವೆಯಲ್ಲಿ ಶ್ವಾಸಕೋಶದ ಗುಳ್ಳೆ ಅಥವಾ ಗೆಡ್ಡೆ, ಅಂಡಾಶಯದ ಗೆಡ್ಡೆ: ಡೈಸರ್1 ಜೀನ್. ಅದರ ದೋಷ ಇದ್ದವರಿಗೆ 8 ವರ್ಷದ ಹೊತ್ತಿಗೆ ಮೊದಲ ಸ್ಕ್ಯಾನ್, ಆಮೇಲೆ ಮೂರು ವರ್ಷಕ್ಕೊಮ್ಮೆ. ಗಂಟುಗಳ ಜೊತೆ ಸ್ತನ, ಗರ್ಭಕೋಶದ ಕ್ಯಾನ್ಸರ್, ದೊಡ್ಡ ತಲೆ ಇದ್ದರೆ ಪಿಟೆನ್ ಜೀನ್. ದರ್ಜಿಯ ಟೇಪು ತೆಗೆದುಕೊಂಡು ಹುಬ್ಬಿನ ಮೇಲಿಂದ ತಲೆಯ ಸುತ್ತಳತೆ ನೋಡಿ, ಹೆಂಗಸರಿಗೆ 58, ಗಂಡಸರಿಗೆ 60 ಸೆಂ.ಮೀ. ಮುಟ್ಟಿದರೆ ಬರೆದುಕೊಳ್ಳಿ. ದೊಡ್ಡ ಕರುಳಿನಲ್ಲಿ ನೂರಾರು ಪಾಲಿಪ್ ಇರುವ ಮನೆತನದಲ್ಲಿ ಎಪಿಸಿ ಜೀನ್.

ಅಮ್ಮ ಮಗಳಿಗೆ, ಅಥವಾ ಅಕ್ಕ ತಮ್ಮನಿಗೆ ಪ್ಯಾಪಿಲ್ಲರಿ ಕ್ಯಾನ್ಸರ್ ಬಂದಿದ್ದರೆ? ಅದು ಸಾಮಾನ್ಯ ಕ್ಯಾನ್ಸರ್, ಇಬ್ಬರಿಗೆ ಕಾಕತಾಳೀಯವಾಗಿಯೂ ಬರುತ್ತದೆ. ಹತ್ತಿರದ ಮೂವರಿಗೆ ಬಂದಿದ್ದರೆ ವಂಶದ್ದೆನ್ನಲು ಬಲವಾದ ಕಾರಣವಿದೆ, ಆದರೆ ಹೆಚ್ಚಿನ ಮನೆಗಳಲ್ಲಿ ಒಂದು ಜೀನ್ ಕೈಗೆ ಸಿಗುವುದಿಲ್ಲ. ಉಳಿದವರಿಗೆ ಸ್ಕ್ಯಾನ್ ಬಗ್ಗೆ ವೈದ್ಯರನ್ನು ಕೇಳಿ, ಜೀನಿನ ಬಗ್ಗೆ ದುಡ್ಡು ಸುರಿಯಬೇಡಿ.

ಮೆಡುಲ್ಲರಿ ಎಂಬ ಪದ ಕಂಡರೆ

ವರದಿಯಲ್ಲಿ ಈ ಪದ ಇದ್ದರೆ, ಮನೆಯಲ್ಲಿ ಬೇರೆ ಯಾರಿಗೂ ಏನೂ ಇಲ್ಲದಿದ್ದರೂ, ರೋಗಿಯ ರೆಟ್ ಜೀನ್ ಪರೀಕ್ಷೆ ಆಗಲೇಬೇಕು. ಮೆಡುಲ್ಲರಿ ಕ್ಯಾನ್ಸರುಗಳಲ್ಲಿ ನಾಲ್ಕರಲ್ಲಿ ಸುಮಾರು ಒಂದು ಆನುವಂಶಿಕ. ಒಂದು ಪ್ರತಿ ಕೆಟ್ಟರೆ ಸಾಕು, ಪ್ರತಿ ಮಗುವಿಗೂ ಎರಡರಲ್ಲಿ ಒಂದು ಸಾಧ್ಯತೆ. ಮೆನ್2ಎ ಎಂಬ ಈ ಗುಂಪಿನಲ್ಲಿ ಮೂತ್ರಪಿಂಡದ ಮೇಲಿನ ಅಡ್ರೀನಲ್ ಗ್ರಂಥಿಯಲ್ಲಿ ಫಿಯೋಕ್ರೋಮೋಸೈಟೋಮಾ ಗೆಡ್ಡೆಯೂ ಬರುತ್ತದೆ: ತಲೆನೋವು, ಬೆವರು, ಎದೆ ಬಡಿತ, ಬಿಪಿ ಥಟ್ಟನೆ ಏರುವುದು. ಅದನ್ನು ನೋಡದೆ ಥೈರಾಯ್ಡ್ ಆಪರೇಷನ್‌ಗೆ ಮಲಗಿಸಿದರೆ ಅರಿವಳಿಕೆಯ ಹೊತ್ತಿಗೆ ಬಿಪಿ ಕೈ ಮೀರಿ ರೋಗಿ ಉಳಿಯದಿರಬಹುದು. ನಕ್ಷೆಯ ಬದಿಯಲ್ಲಿ ಬರೆದ ‘ಆಪರೇಷನ್ ಟೇಬಲ್ ಮೇಲೆ ಹೋದರು’ ಎಂಬ ಸಾಲಿಗೆ ಈಗ ಅರ್ಥ ಬರುತ್ತದೆ. ಆಪರೇಷನ್‌ಗೆ ಮೊದಲು ಈ ಗೆಡ್ಡೆಯನ್ನು ಪತ್ತೆಹಚ್ಚುವ ಮೆಟಾನೆಫ್ರಿನ್ ಪರೀಕ್ಷೆ ಆಗಿದೆಯೇ ಎಂದು ಕೇಳಿ; ಗೆಡ್ಡೆ ಇದ್ದರೆ ಮೊದಲು ತೆಗೆಯುವುದು ಅದನ್ನೇ.

ಮಗುವಿಗೆ ಯಾವಾಗ ಆಪರೇಷನ್ ಎಂಬುದನ್ನು ರೂಪಾಂತರದ ಜಾಗ ನಿರ್ಧರಿಸುತ್ತದೆ. ಕೋಡಾನ್ (ರೆಟ್ ಜೀನಿನೊಳಗಿನ ಜಾಗದ ಸಂಖ್ಯೆ) 918 ಆದರೆ ಮೊದಲ ವರ್ಷದೊಳಗೆ, 634 ಆದರೆ 5 ವರ್ಷದ ಹೊತ್ತಿಗೆ ಅಥವಾ ಮೊದಲೇ, ಉಳಿದ ಹಲವಲ್ಲಿ ಕ್ಯಾಲ್ಸಿಟೋನಿನ್ (ಮೆಡುಲ್ಲರಿ ಕ್ಯಾನ್ಸರ್ ರಕ್ತಕ್ಕೆ ಸುರಿಸುವ ಹಾರ್ಮೋನ್) ಮಟ್ಟ ನೋಡಿಕೊಂಡು. ಕ್ಯಾಲ್ಸಿಟೋನಿನ್ ರಕ್ತವನ್ನು ಮಂಜುಗಡ್ಡೆಯಲ್ಲಿಟ್ಟು ಬೇಗ ಸಾಗಿಸಬೇಕು. ನಮ್ಮ ಟ್ರಾಫಿಕ್ಕಿನಲ್ಲಿ ಮನೆಗೆ ಬಂದು ತೆಗೆದುಕೊಂಡು ಹೋಗುವ ಸ್ಯಾಂಪಲ್ಲಿಗಿಂತ ಲ್ಯಾಬಿಗೇ ಹೋಗಿ ಕೊಡುವುದು ವಾಸಿ. ಅಸಿಡಿಟಿಯ ಪ್ಯಾಂಟೊಪ್ರಜೋಲ್ ಜಾತಿಯ ಮಾತ್ರೆ, ಮೂತ್ರಪಿಂಡದ ವೈಫಲ್ಯ ಎರಡೂ ಅದನ್ನು ಏರಿಸುತ್ತವೆ, ಮೊದಲೇ ಹೇಳಿ.

ಪರೀಕ್ಷೆ ಮಾಡಿಸುವ ಕ್ರಮ

ನಗರದಲ್ಲಿ ದಾರಿಗಳಿವೆ: ಎಲೆಕ್ಟ್ರಾನಿಕ್ ಸಿಟಿಯ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್, ಮಕ್ಕಳಿಗೆ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ಕ್ಯಾನ್ಸರ್ ವಿಷಯಕ್ಕೆ ಕಿದ್ವಾಯಿ, ಜೊತೆಗೆ ದೊಡ್ಡ ವೈದ್ಯಕೀಯ ಕಾಲೇಜುಗಳು. ನಕ್ಷೆ, ಬಯಾಪ್ಸಿ ವರದಿ ಹಿಡಿದು ತಳಿ ಸಮಾಲೋಚಕರನ್ನು (ಜೆನೆಟಿಕ್ ಕೌನ್ಸೆಲರ್) ಮೊದಲು ಕಾಣಿ, ರಕ್ತ ಆಮೇಲೆ.

ಮೊದಲು ಪರೀಕ್ಷೆ ಆಗಬೇಕಾದದ್ದು ರೋಗ ಇರುವವರಿಗೆ, ಆರೋಗ್ಯವಾಗಿರುವ ಮಗನಿಗಲ್ಲ. ಮನೆತನದ ರೂಪಾಂತರ ಯಾವುದೆಂದು ತಿಳಿಯದೆ ಮಗನಿಗೆ ‘ನೆಗೆಟಿವ್’ ಬಂದರೆ, ಅವನಿಗೆ ಇಳಿದಿಲ್ಲವೋ ಅಥವಾ ಲ್ಯಾಬ್ ನೋಡಿದ ಜೀನಿನಲ್ಲಿ ಅದು ಇರಲೇ ಇಲ್ಲವೋ ಹೇಳಲಾಗದು. ಬೇಕಾದದ್ದು ನೇರಳೆ ಮುಚ್ಚಳದ ಇಡಿಟಿಎ ಕೊಳವೆಯಲ್ಲಿ 2ರಿಂದ 4 ಮಿ.ಲೀ. ರಕ್ತ, ಉಪವಾಸ ಬೇಡ. ಇತ್ತೀಚೆಗೆ ರಕ್ತ ಹಾಕಿಸಿಕೊಂಡಿದ್ದರೆ ಹೇಳಿ. ಹಲವು ಜೀನುಗಳ ಪ್ಯಾನೆಲ್ ಆದರೆ ಕೆಲವು ವಾರ ಬೇಕು. ದೊಡ್ಡ ತುಂಡೇ ಅಳಿಸಿಹೋಗಿದ್ದರೆ ಆ ಪರೀಕ್ಷೆ ಹಿಡಿಯುತ್ತದೆಯೇ, ದರ ಎಷ್ಟು, ಬಂಧುಗಳಿಗೆ ಒಂದೇ ಜಾಗ ನೋಡುವ ಪರೀಕ್ಷೆಗೆ ಎಷ್ಟು ಎಂದು ಮೊದಲೇ ಕೇಳಿ, ಎರಡನೆಯದು ಬಹಳ ಅಗ್ಗ. ಜೊಲ್ಲು ಉಗುಳಿ ಅಂಚೆಯಲ್ಲಿ ಕಳಿಸುವ ‘ಸಂಪೂರ್ಣ ಆರೋಗ್ಯ’ ಕಿಟ್‌ಗಳನ್ನು ಇದಕ್ಕೆ ನಂಬಬೇಡಿ. ವಯಸ್ಸಾದ ರೋಗಿಯ ಆರೋಗ್ಯ ಕೆಡುತ್ತಿದ್ದರೆ ಡಿಎನ್‌ಎ ತೆಗೆದಿಡುವ ವ್ಯವಸ್ಥೆ ಇದೆಯೇ ವಿಚಾರಿಸಿ, ಅವರು ಹೋದ ಮೇಲೆ ಆ ಬಾಗಿಲು ಮುಚ್ಚಿದಂತೆಯೇ.

ವರದಿಯಲ್ಲಿ ಐದು ದರ್ಜೆ ಇರುತ್ತವೆ: ರೋಗಕಾರಕ, ಬಹುಶಃ ರೋಗಕಾರಕ, ಅರ್ಥ ನಿಶ್ಚಿತವಿಲ್ಲದ್ದು, ಬಹುಶಃ ನಿರಪಾಯ, ನಿರಪಾಯ. ಎಡವುವುದು ಮಧ್ಯದ್ದರಲ್ಲಿ. ಅರ್ಥ ನಿಶ್ಚಿತವಿಲ್ಲದ ರೂಪಾಂತರವನ್ನು ನೆಚ್ಚಿ ಆಪರೇಷನ್ ಮಾಡಿಸುವುದಾಗಲೀ, ಬಂಧುಗಳನ್ನೆಲ್ಲ ಸಾಲಾಗಿ ಪರೀಕ್ಷೆಗೆ ನಿಲ್ಲಿಸುವುದಾಗಲೀ ಸಲ್ಲದು. ಒಂದೆರಡು ವರ್ಷಕ್ಕೊಮ್ಮೆ ದರ್ಜೆ ಬದಲಾಗಿದೆಯೇ ಎಂದು ಲ್ಯಾಬನ್ನು ಕೇಳಿ.

ರೋಗಕಾರಕ ಎಂದೇ ಬಂದರೆ, ವರದಿಯ ಆ ಪುಟದ ನಕಲು ಅಣ್ಣ ತಮ್ಮ, ಅಕ್ಕ ತಂಗಿ, ಮಕ್ಕಳಿಗೆ ಹೋಗಬೇಕು. ವಾಟ್ಸಾಪಿನಲ್ಲಿ “ನಮ್ಮಲ್ಲಿ ಕ್ಯಾನ್ಸರ್ ಜೀನ್ ಇದೆಯಂತೆ” ಎಂದರೆ ಗಾಬರಿ ಬಿಟ್ಟು ಏನೂ ತಲುಪದು. ಜೀನಿನ ಹೆಸರು, ರೂಪಾಂತರದ ಪೂರ್ತಿ ಸಂಕೇತ, ಲ್ಯಾಬಿನ ಹೆಸರು ಇರುವ ಪುಟವೇ ಬೇಕು. ಮದುವೆಗೆ ಬಂದ ಹೆಣ್ಣುಮಕ್ಕಳಿದ್ದರೆ ವಿಷಯ ಮುಚ್ಚಿಡುವ ಮನೆಗಳಿವೆ. ಅಂಥಲ್ಲಿ ಸಮಾಲೋಚಕರು ಒಬ್ಬೊಬ್ಬರನ್ನೇ ಕರೆದು ಗುಟ್ಟಾಗಿ ಮಾತಾಡಿಸುತ್ತಾರೆ, ಫಲಿತಾಂಶವನ್ನು ಅವರವರಿಗೇ ಕೊಡುತ್ತಾರೆ. ರೆಟ್ ರೂಪಾಂತರ ಇಳಿದಿಲ್ಲ ಎಂದು ಖಚಿತವಾದ ಮಗುವಿಗೆ ವರ್ಷ ವರ್ಷದ ಕ್ಯಾಲ್ಸಿಟೋನಿನ್ ಬೇಡ, ಸ್ಕ್ಯಾನ್ ಬೇಡ. ಮುಂದೆ ಅವರ ಮಕ್ಕಳಿಗೂ ಈ ಪರೀಕ್ಷೆ ಬೇಕಾಗುವುದಿಲ್ಲ.